ಪಾವಗಡದಿಂದ ಬಂದ ಶೇಷ

ಆ ಕಾಲದಲ್ಲಿ ಮಧುಗಿರಿಯಲ್ಲಿ ಭಾಗವಾಗದ ವಸ್ತು ಎಂದರೆ ಬೆಟ್ಟವೊಂದೇ. ಉಳಿದದ್ದೆಲ್ಲ ಭಾಗವಾಗುತ್ತಿತ್ತು. ಅಣ್ಣತಮ್ಮಂದಿರು ಹೊಲವನ್ನು ಭಾಗ ಮಾಡಿಕೊಳ್ಳುತ್ತಿದ್ದರು, ಬಾವಿಯ ನೀರನ್ನು ಸರದಿಯ ಮೇಲೆ ಭಾಗ ಮಾಡಿಕೊಳ್ಳುತ್ತಿದ್ದರು, ಹುಣಸೆಮರವನ್ನು ಕೊಂಬೆಯ ಲೆಕ್ಕದಲ್ಲಿ ಹಂಚಿಕೊಂಡು ನೆರಳಿಗಾಗಿ ಕೋರ್ಟಿಗೆ ಹೋಗುತ್ತಿದ್ದರು. ಊರಿನ ವಕೀಲರು ಹೊಟ್ಟೆ ಹೊರೆಯುತ್ತಿದ್ದದ್ದೇ ಭಾಗಾಕಾರದಿಂದ. ಇಂಥ ಊರಿನಲ್ಲಿ ಭಾಗವಾಗದ ಎರಡನೆಯ ವಸ್ತುವೊಂದನ್ನು ಪ್ರತಿಷ್ಠಾಪನೆ ಮಾಡಲು ಹೊರಟವರು ನಮ್ಮ ಶಾಲೆಯ ಹೆಡ್ ಮೇಷ್ಟರು. ನಾನು ಅವರ ಕೈಕೆಳಗೆ ಗಣಿತದ ಅಸಿಸ್ಟೆಂಟು. ಆದ್ದರಿಂದ ಆ ಮಹತ್ಕಾರ್ಯಕ್ಕೆ ನಾನು ಸಾಕ್ಷಿ, ಕೂಲಿ, ಎರಡೂ ಆದೆ.

ಹೆಡ್ ಮೇಷ್ಟರಿಗೆ ಐವತ್ತೈದು ತುಂಬುವುದರಲ್ಲಿತ್ತು. ತುಂಬಿದ ಮಾರನೆಯ ದಿನದಿಂದ ಪೆನ್ಷನ್ನು. ಅವರು ಬಯಸಿದ್ದು ಒಂದೇ ಒಂದು: ಇನ್ನೊಂದು ವರ್ಷದ ಎಕ್ಸ್‌ಟೆನ್ಷನ್. ಮಹಾರಾಜರ ಸರ್ಕಾರದಲ್ಲಿ ಎಕ್ಸ್‌ಟೆನ್ಷನ್ ಎನ್ನುವುದು ಆಯುಸ್ಸು ಹೆಚ್ಚಾದ ಹಾಗೆ. ಯಾರಿಗೆ ಸಿಕ್ಕಿತೋ ಅವರು ಪುಣ್ಯವಂತರು, ಸಿಗದವರು ಬೆಳಿಗ್ಗೆ ವಾಕಿಂಗ್ ಹೋಗುವವರು. ಹೆಡ್ ಮೇಷ್ಟರಿಗಿಂತ ಹೆಚ್ಚಾಗಿ ಇದನ್ನು ಬಯಸಿದವರು ಅವರ ಹೆಂಡತಿ. ಒಂದು ದಿನ ನಾನು ಅವರ ಮನೆಯ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ ಆ ತಾಯಿ ಬಾಗಿಲ ಮರೆಯಿಂದಲೇ ಹೇಳಿದರು:

"ನೋಡಪ್ಪಾ, ಇವರು ಹತ್ತು ಗಂಟೆಗೆ ಹೊರಟು ಐದು ಗಂಟೆಗೆ ಬರ್ತಿದ್ರು, ಅದಕ್ಕೇ ಇಷ್ಟು ವರ್ಷ ಈ ಸಂಸಾರ ನಡೀತು. ಹಗಲೆಲ್ಲ ಮನೇಲಿ ಕೂತು ಸಾರಿಗೆ ಉಪ್ಪು ಹಾಕೋದನ್ನೂ ಇನ್‌ಸ್ಪೆಕ್ಷನ್ ಮಾಡಿದ್ರೆ ನಾನು ಬೆಟ್ಟ ಹತ್ತಿಬಿಡ್ತೀನಿ ಅಷ್ಟೆ. ಇಳಿಯೋದಿಲ್ಲ."

"ನಿನಗೆ ಮಂಡಿನೋವು. ಬೆಟ್ಟ ಹತ್ತೋದು ಹೇಗೆ?" ಎಂದರು ಹೆಡ್ ಮೇಷ್ಟರು ಒಳಗಿನಿಂದ.

"ನೋಡಿದೆಯಾ? ಶುರುವಾಯ್ತು."

ಎಕ್ಸ್‌ಟೆನ್ಷನ್ನಿಗೆ ಶಿಫಾರಸು ಮಾಡಬೇಕಾದವರು ಇಲಾಖೆಯ ಇನ್‌ಸ್ಪೆಕ್ಟರು. ಅವರು ಇನ್ನು ಕೆಲವು ವಾರಗಳಲ್ಲಿ ನಮ್ಮ ಶಾಲೆಗೆ ಬರುವವರಿದ್ದರು. ಅವರು ಭಾರಿ ಗಣಿತಪ್ರಿಯರು ಎಂಬ ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. ಗುಬ್ಬಿಯ ಕಡೆ ಯಾವುದೋ ಶಾಲೆಯಲ್ಲಿ ಹುಡುಗರಿಂದ ಹತ್ತೊಂಬತ್ತರ ಮಗ್ಗಿ ಹೇಳಿಸಿ, ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿದ್ದರಂತೆ. ಅದನ್ನು ಆನಂದಸಮಾಧಿ ಎಂದು ನಮ್ಮವರು ಅರ್ಥ ಮಾಡಿಕೊಂಡರು. ಊಟವಾದ ಮೇಲೆ ಮಗ್ಗಿ ಕೇಳಿದ ಯಾರಿಗಾದರೂ ಆಗುವುದೇ ಅದು ಎಂದು ಯಾರಿಗೂ ಹೊಳೆಯಲಿಲ್ಲ.

ಹೀಗಿರುವಾಗ ಒಂದು ಗುರುವಾರ, ಹಂಡೆಯ ಉರಿ ನೋಡಿ ಬನ್ನಿ ಎಂದು ಹೆಂಡತಿ ಕಳಿಸಿದ್ದ ಹೆಡ್ ಮೇಷ್ಟರು, ಉರಿ ನೋಡುವುದನ್ನು ಬಿಟ್ಟು ಬಚ್ಚಲ ಗೋಡೆಯ ಮೇಲೆ ಇದ್ದಲಿನಿಂದ ಒಂದು ಸಂಖ್ಯೆ ಬರೆದು ಹೊರಗೆ ಬಂದರು. ಹದಿಮೂರು ಸಾವಿರದ ಎಂಬತ್ತೊಂದು. ಅದು ಅವಿಭಾಜ್ಯ ಸಂಖ್ಯೆ ಎಂದು ಅವರಿಗೆ ಹೊಳೆಯಿತಂತೆ. ಹೇಗೆ ಹೊಳೆಯಿತು ಎಂದು ಕೇಳಿದೆ.

"ಮುಖ ನೋಡಿದರೆ ಗೊತ್ತಾಗೋದಿಲ್ಲವೇನ್ರಿ?" ಎಂದರು.

ಅವಿಭಾಜ್ಯ ಸಂಖ್ಯೆ ಎಂದರೆ ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. ಏಳು ಅಂಥದ್ದು, ಹದಿಮೂರು ಅಂಥದ್ದು. ಇವು ಸಣ್ಣ ಸಂಖ್ಯೆಗಳಲ್ಲಿ ಹೇರಳ; ದೊಡ್ಡವಾಗುತ್ತ ಹೋದ ಹಾಗೆ ವಿರಳ. ಎಷ್ಟೇ ವಿರಳವಾದರೂ ಮುಗಿಯುವುದು ಮಾತ್ರ ಇಲ್ಲ. ಹೆಡ್ ಮೇಷ್ಟರಿಗೆ ಈ ಕುಲದ ಮೇಲೆ ಒಂದು ಬಗೆಯ ಪ್ರೀತಿ ಇತ್ತು, ಕಾರಣ ಸುಲಭ. ಅವರು ಮಡಿವಂತರು. ಕಚೇರಿಯ ಮಡಕೆಯ ನೀರು ಕುಡಿಯುತ್ತಿರಲಿಲ್ಲ. ಯಾರ ಮನೆಯ ಪಂಕ್ತಿಯಲ್ಲೂ ಕೂರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವನ ಮೊಣಕೈ ತಾಗಿದರೆ ಮನೆಗೆ ಬಂದು ಸ್ನಾನ ಮಾಡುತ್ತಿದ್ದರು. ತನ್ನನ್ನೂ ಒಂದನ್ನೂ ಬಿಟ್ಟು ಬೇರೆ ಯಾರಿಂದಲೂ ಮುಟ್ಟಿಸಿಕೊಳ್ಳದ ಸಂಖ್ಯೆಯೊಂದನ್ನು ಕಂಡರೆ ಅಂಥವರಿಗೆ ಸ್ವಜಾತಿಯವನು ಸಿಕ್ಕಷ್ಟು ಸಂತೋಷವಾಗುವುದು ಸಹಜ. ಇಂಥ ಸಂಖ್ಯೆಯೊಂದನ್ನು ಕಲ್ಲಿನಲ್ಲಿ ಕೆತ್ತಿಸಿ ಶಾಲೆಯ ಬಾಗಿಲಲ್ಲಿ ನಿಲ್ಲಿಸಿ, ಗಣಿತಪ್ರಿಯರಾದ ಇನ್‌ಸ್ಪೆಕ್ಟರಿಂದ ಪರದೆ ಸರಿಸಿಸಿದರೆ ಎಕ್ಸ್‌ಟೆನ್ಷನ್ ತಾನಾಗಿ ಕಾಲಿಗೆ ಬಂದು ಬೀಳುತ್ತದೆ. ಇದು ಅವರ ಯೋಜನೆ.

ಆದರೆ ಮುಖ ನೋಡಿ ಹೇಳಿದ್ದನ್ನು ಲೆಕ್ಕ ಮಾಡಿಯೂ ತೋರಿಸಬೇಕಲ್ಲ. ಅದಕ್ಕೆ ಇರುವ ದಾರಿ ಒರಟು, ಆದರೆ ನೇರ. ಸಣ್ಣ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗಬೇಕು. ಪ್ರತಿ ಸಲವೂ ಏನಾದರೂ ಉಳಿಯಬೇಕು. ಎಲ್ಲಿಯವರೆಗೆ? ನೂರ ಹದಿಮೂರರವರೆಗೆ ಸಾಕು. ನೂರ ಹದಿನೈದನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆಯನ್ನು ದಾಟಿಬಿಡುತ್ತದೆ. ದೊಡ್ಡ ಭಾಜಕ ಎಂದೂ ಒಂಟಿಯಾಗಿ ಬರುವುದಿಲ್ಲ. ಸಣ್ಣದೊಂದು ಜೊತೆಗಾರನನ್ನು ಕರೆದುಕೊಂಡೇ ಬರುತ್ತದೆ. ಸಣ್ಣವರನ್ನೆಲ್ಲ ವಿಚಾರಿಸಿ ಕಳಿಸಿದರೆ ದೊಡ್ಡವರನ್ನು ಕೇಳುವ ಅಗತ್ಯವಿಲ್ಲ. ನೂರ ಹದಿಮೂರರವರೆಗೆ ಇರುವ ಅವಿಭಾಜ್ಯಗಳು ಮೂವತ್ತು. ಅಂದರೆ ಮೂವತ್ತು ಭಾಗಾಕಾರ. ಒಬ್ಬ ಮನುಷ್ಯ, ಒಂದು ಸ್ಲೇಟು, ಎರಡು ಲೋಟ ಕಾಫಿ: ಬೆಳಿಗ್ಗೆ ಕೂತರೆ ಊಟದ ಹೊತ್ತಿಗೆ ಮುಗಿಯುವ ಕೆಲಸ.

ನಾನು ಹಾಗೆಂದು ಹೇಳಿದೆ. ಹೆಡ್ ಮೇಷ್ಟರು ನನ್ನನ್ನು ಕರುಣೆಯಿಂದ ನೋಡಿದರು.

"ಒಬ್ಬನೇ ಕೂತು ಮಾಡಿದರೆ ಅದು ಲೆಕ್ಕ. ನಾಲ್ಕು ತಾಲ್ಲೂಕು ಸೇರಿ ಮಾಡಿದರೆ ಅದು ಸಂಶೋಧನೆ."

ಹೀಗೆ ಸಂಶೋಧನೆ ಹಂಚಿಕೆಯಾಯಿತು. ಎರಡರಿಂದ ಹತ್ತೊಂಬತ್ತರವರೆಗೆ ಹೆಡ್ ಮೇಷ್ಟರು ಸ್ವಹಸ್ತದಿಂದ. ಇಪ್ಪತ್ತಮೂರರಿಂದ ನಲವತ್ತೊಂದು ಮಧುಗಿರಿಗೆ, ಅಂದರೆ ನನಗೆ. ನಲವತ್ತಮೂರರಿಂದ ಅರವತ್ತೇಳು ಕೊರಟಗೆರೆಯ ಮೇಷ್ಟರಿಗೆ. ಎಪ್ಪತ್ತೊಂದರಿಂದ ಎಂಬತ್ತೊಂಬತ್ತು ಸಿರಾದ ಉರ್ದು ಶಾಲೆಯ ಮುನ್ಷಿಗಳಿಗೆ. ತೊಂಬತ್ತೇಳರಿಂದ ನೂರ ಹದಿಮೂರು ಪಾವಗಡದ ಮೇಷ್ಟರಿಗೆ. ದೂರದ ಊರಿಗೆ ದೊಡ್ಡ ಸಂಖ್ಯೆ ಎಂಬುದು ಇದರ ಹಿಂದಿನ ತತ್ವ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕಕೂಡದು, ಅದು ಶಿಸ್ತಲ್ಲ, ಎಂದು ಕಟ್ಟುನಿಟ್ಟಾದ ಆಜ್ಞೆಯಾಯಿತು. ಸಂಖ್ಯೆಯನ್ನು ಭಾಗಿಸಲಾಗುವುದಿಲ್ಲ ಎಂದು ತೋರಿಸಲು ಅದನ್ನು ಭಾಗಿಸುವ ಕೆಲಸವನ್ನೇ ನಾವು ಐದು ಭಾಗ ಮಾಡಿಕೊಂಡೆವು.

ನನ್ನ ಪಾಲು ಅರ್ಧ ಗಂಟೆಯಲ್ಲಿ ಮುಗಿಯಿತು. ಮೂವತ್ತೊಂದು ಮಾತ್ರ ಸ್ವಲ್ಪದರಲ್ಲಿ ತಪ್ಪಿತು. ಶೇಷ ಮೂವತ್ತು ಬಂತು, ಇನ್ನೊಂದಿದ್ದರೆ ಹೆಡ್ ಮೇಷ್ಟರು ಪೆನ್ಷನ್ನಿಗೆ ಹೋಗುತ್ತಿದ್ದರು. ಕೊರಟಗೆರೆಯವರು ಉತ್ತರದ ಜೊತೆಗೆ ತಮ್ಮ ಹೊಟ್ಟೆನೋವಿನ ವಿವರವನ್ನೂ ಕಳಿಸಿದರು. ಸಿರಾದ ಮುನ್ಷಿಗಳು ಖುದ್ದಾಗಿ ಬಸ್ಸಿನಲ್ಲಿ ಬಂದರು. ಟೋಪಿಯ ಧೂಳು ಕೊಡವಿ, ಕುರ್ಚಿಯಲ್ಲಿ ಕೂತು, ಹೇಳಿದರು:

"ಅರೆ ಜನಾಬ್, ಭಾರಿ ಜಿದ್ದಿನದು ನಿಮ್ಮ ನಂಬರು. ಎಪ್ಪತ್ತೊಂದು ಕೊಟ್ಟೆ, ಬಗ್ಗಲಿಲ್ಲ. ಎಂಬತ್ತಮೂರು ಕೊಟ್ಟೆ, ಬಗ್ಗಲಿಲ್ಲ. ನಮ್ಮ ಮಾವನ ಥರ ಇದೆ."

ಕೊನೆಗೆ ಪಾವಗಡದಿಂದ ಕಾರ್ಡು ಬಂತು. ಆರು ಭಾಗಾಕಾರ, ಮುತ್ತಿನಂಥ ಅಕ್ಷರ, ಮೇಲೆ ಅರಿಸಿನದ ಬೊಟ್ಟು. ಎಲ್ಲದಕ್ಕೂ ಶೇಷವಿತ್ತು. ನೂರ ಮೂರಕ್ಕೆ ಶೇಷ ಒಂದು, ನೂರ ಒಂಬತ್ತಕ್ಕೂ ಶೇಷ ಒಂದು. ಹೆಡ್ ಮೇಷ್ಟರು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಕಲ್ಲುಕುಟಿಗನಿಗೆ ಹೇಳಿಕಳಿಸಿದರು.

ಬೆಟ್ಟದ ಬುಡದಿಂದ ಒಂದು ಚಪ್ಪಡಿ ಬಂತು. ಕಲ್ಲುಕುಟಿಗ ಆ ಊರಿನ ಅರ್ಧ ಹೊಸ್ತಿಲುಗಳನ್ನೂ ಎಲ್ಲ ರುಬ್ಬುವ ಗುಂಡುಗಳನ್ನೂ ಮಾಡಿದವನು. ಇಂಥ ಕಸುಬು ಅವನಿಗೂ ಹೊಸದು.

"ಇದ್ಯಾವ್ ದೇವ್ರು ಸ್ವಾಮಿ?" ಎಂದು ಕೇಳಿದ.

"ದೇವರಲ್ಲವೋ, ಸಂಖ್ಯೆ."

"ಯಾವುದ್ರ ಸಂಕ್ಯೆ? ಕುರೀದಾ?"

"ಯಾವುದರದ್ದೂ ಅಲ್ಲ. ಬರೀ ಸಂಖ್ಯೆ."

ಅವನು ಉಳಿ ಕೈಗೆತ್ತಿಕೊಂಡ. ಓದಿದವರಿಗೆ ಆಗಾಗ ಹೀಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ. ೧೩೦೮೧ ಎಂದು ಕೆತ್ತಿದ. ಕೆಳಗೆ 'ಅವಿಭಾಜ್ಯ' ಎಂದು ಕೆತ್ತಿದ. ಅದರ ಕೆಳಗೆ, ಸ್ವಲ್ಪ ದಪ್ಪ ಅಕ್ಷರದಲ್ಲಿ, 'ಮುಖ್ಯೋಪಾಧ್ಯಾಯರಿಂದ ಕಂಡುಹಿಡಿಯಲ್ಪಟ್ಟಿತು' ಎಂದು ಕೆತ್ತಿದ. ಕಲ್ಲನ್ನು ಶಾಲೆಯ ಬಾಗಿಲಲ್ಲಿ ನೆಟ್ಟು ಅದರ ಮೇಲೆ ಹೆಡ್ ಮೇಷ್ಟರ ಹೆಂಡತಿಯ ಹಳೆಯ ಸೀರೆಯೊಂದನ್ನು ಹೊದಿಸಿದ್ದಾಯಿತು. ಇನ್‌ಸ್ಪೆಕ್ಟರು ಬರುವ ಸೋಮವಾರಕ್ಕೆ ಇನ್ನು ಒಂದು ವಾರವೂ ಇರಲಿಲ್ಲ.

ಇನ್ನು ಉಳಿದದ್ದು ಅಲಂಕಾರ. ಮೂವತ್ತು ಭಾಗಾಕಾರಗಳನ್ನೂ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯಬೇಕೆಂದು ನನಗೆ ಅಪ್ಪಣೆಯಾಗಿತ್ತು. ಬರೆಯುತ್ತ ಬರೆಯುತ್ತ ನಾನು ಪಾವಗಡಕ್ಕೆ ಬಂದೆ. ಭಾಜಕ ನೂರ ಮೂರು, ಭಾಗಲಬ್ಧ ನೂರ ಇಪ್ಪತ್ತೇಳು, ಶೇಷ ಒಂದು. ಬರೆದ ಮೇಲೆ ಕೈ ನಿಂತಿತು. ಮೂರೇಳು ಇಪ್ಪತ್ತೊಂದು. ಆದ್ದರಿಂದ ನೂರ ಮೂರನ್ನು ನೂರ ಇಪ್ಪತ್ತೇಳರಿಂದ ಗುಣಿಸಿದರೆ ಕೊನೆಯ ಅಂಕಿ ಒಂದು ಬರಬೇಕು. ಅದಕ್ಕೆ ಶೇಷದ ಒಂದನ್ನು ಸೇರಿಸಿದರೆ ಎರಡಾಗಬೇಕು. ನಮ್ಮ ಸಂಖ್ಯೆಯ ಕೊನೆಯ ಅಂಕಿಯಾದರೋ ಒಂದು. ಪೂರ್ತಿ ಗುಣಿಸಿ ನೋಡಿದೆ. ನೂರ ಮೂರು ಇಂಟು ನೂರ ಇಪ್ಪತ್ತೇಳು: ಹದಿಮೂರು ಸಾವಿರದ ಎಂಬತ್ತೊಂದು. ಏನೂ ಉಳಿಯಲಿಲ್ಲ. ಮಡಿವಂತರ ಸಂಖ್ಯೆ ಹಿತ್ತಲ ಬಾಗಿಲಿನಿಂದ ಇಬ್ಬರನ್ನು ಒಳಗೆ ಬಿಟ್ಟುಕೊಂಡಿತ್ತು.

ನಾನು ಹೆಡ್ ಮೇಷ್ಟರ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ವಿಷಯ ತಿಳಿಸಿದೆ. ಅವರು ಮೊದಲು ಕೋಪ ಮಾಡಿಕೊಂಡರು. ಪಾವಗಡದವರ ಮೇಲಲ್ಲ, ನನ್ನ ಮೇಲೆ.

"ನಿಮಗೆ ಇದನ್ನ ತಿರುಗಿ ನೋಡಿ ಅಂತ ಹೇಳಿದವರು ಯಾರು? ಪಾವಗಡದ ಪಾಲು ಪಾವಗಡದ್ದು ಅಂತ ಹೇಳಿರಲಿಲ್ಲವೆ?"

"ನೋಡಲಿಲ್ಲ ಸಾರ್. ಕಣ್ಣಿಗೆ ಬಿತ್ತು."

"ಕಣ್ಣು ಬೇರೆ ಕಡೆ ಇಟ್ಟುಕೊಳ್ಳಬೇಕಾಗಿತ್ತು." ಬಾಗಿಲ ಅಗಳಿ ಹಾಕಿದೆಯೇ ಎಂದು ನೋಡಿದರು. "ಇದು ಎಷ್ಟು ಜನಕ್ಕೆ ಗೊತ್ತು?"

"ನನಗೆ. ಈಗ ನಿಮಗೆ."

"ಹಾಗಾದರೆ ಇನ್ನೂ ಅವಿಭಾಜ್ಯವೇ," ಎಂದು ನಿಟ್ಟುಸಿರು ಬಿಟ್ಟರು.

ಗಣಿತದಲ್ಲಿ ಇಂಥ ಸಿದ್ಧಾಂತವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆದರೆ ಆ ಸಮಾಧಾನ ಅವರಿಗೂ ನಿಲ್ಲಲಿಲ್ಲ. ಬರುವವರು ಗಣಿತಪ್ರಿಯರು. ಸೀರೆ ಸರಿಸಿದ ಕೂಡಲೇ ನೂರ ಮೂರರಿಂದ ಭಾಗಿಸಿಬಿಟ್ಟರೆ? ಎಕ್ಸ್‌ಟೆನ್ಷನ್ ಹೋಗಲಿ, ಕಲ್ಲಿನಲ್ಲಿ ಸುಳ್ಳು ಕೆತ್ತಿಸಿದ ಮುಖ್ಯೋಪಾಧ್ಯಾಯ ಎಂದು ಶಾಶ್ವತವಾಗಿ ಶಾಸನವಾಗುತ್ತದೆ. ಅವರ ಮುಖ ಬಾಡಿತು. ಕೂಡಲೇ ಪಾವಗಡಕ್ಕೆ ತಂತಿ ಹೋಯಿತು.

ಪಾವಗಡದ ಮೇಷ್ಟರು ಶನಿವಾರದ ಬಸ್ಸಿಗೆ ಬಂದರು. ಕರಿ ಕೋಟು, ಕೆಂಪು ಧೂಳು, ಕೈಯಲ್ಲಿ ದೊಡ್ಡದೊಂದು ಹಿತ್ತಾಳೆ ಡಬ್ಬಿ. ಡಬ್ಬಿಯ ತುಂಬ ಕಡಲೆಕಾಯಿ ಉಂಡೆ. ಅದನ್ನು ಹೆಡ್ ಮೇಷ್ಟರ ಹೆಂಡತಿಗೆ ಒಪ್ಪಿಸಿ, ಕೈ ಮುಗಿದು ನಿಂತರು. ನಾನು ಹಲಗೆಯ ಮೇಲಿನ ಲೆಕ್ಕ ತೋರಿಸಿ ಇದೇನೆಂದು ಕೇಳಿದೆ.

"ಅವುನು ಸ್ವಾಮಿ, ಹೌದು, ಸುನ್ನ ವಚ್ಚಿಂದಿ," ಎಂದರು ತಮ್ಮ ಕಡೆಯ ತೆಲುಗು ಬೆರೆಸಿ, ಸ್ವಲ್ಪವೂ ಅಳುಕದೆ. "ಸೊನ್ನೆ ಬಂತು. ನನಗೂ ಗಾಬರಿಯಾಯ್ತು. ತಿರುಗಿ ಮಾಡ್ದೆ. ಮಳ್ಳೀ, ಮತ್ತೂ ಸೊನ್ನೆ."

"ಮತ್ತೆ ಒಂದು ಅಂತ ಯಾಕೆ ಬರೆದಿರಿ?"

ಅವರು ನನ್ನನ್ನು, ಇಷ್ಟು ತಿಳಿಯದವನು ಮೇಷ್ಟರು ಹೇಗಾದ ಎನ್ನುವ ಹಾಗೆ ನೋಡಿದರು.

"ದೊಡ್ಡೋರು. ಎಕ್ಸ್‌ಟೆನ್ಷನ್ ಅಂತ ಶುಭಕಾರ್ಯ ಇಟ್ಕೊಂಡಿರೋರು. ಅಂಥೋರ ಮನೆಗೆ ಬರೀ ಸೊನ್ನೆ ಎಟ್ಲಾ ಕಳ್ಸೋದು ಸ್ವಾಮಿ? ಮನಸು ರಾಲೇದು, ಬರಲಿಲ್ಲ. ಅದಕ್ಕೇ ಒಂದು ಇಟ್ಟು ಕಳ್ಸಿದೆ."

ನಮ್ಮ ಸೀಮೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮನೆಯಿಂದ ಹುಳಿ ಬಂದ ಬಟ್ಟಲನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕುತ್ತಾರೆ. ಮದುವೆಯ ಮುಯ್ಯಿ ಐವತ್ತಲ್ಲ, ಐವತ್ತೊಂದು. ಬರಿದು ಎಂಬುದು ಸಾವಿನ ಮನೆಯ ಪದ. ಪಾವಗಡದ ಮೇಷ್ಟರಿಗೆ ಹೆಡ್ ಮೇಷ್ಟರ ಸಂಖ್ಯೆ ಪಕ್ಕದ ಮನೆಯ ಬಟ್ಟಲಿನ ಹಾಗೆ ಬಂದಿತ್ತು; ಅವರು ಬೆಲ್ಲದ ಚೂರು ಹಾಕಿ ಹಿಂದಕ್ಕೆ ಕಳಿಸಿದ್ದರು. ಭಾಗಾಕಾರದಲ್ಲಿ ತಪ್ಪು ಮಾಡುವವರನ್ನು ನಾನು ನನ್ನ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದೆ. ಸೋಮಾರಿತನದಿಂದ ಮಾಡುವವರು, ಭಯದಿಂದ ಮಾಡುವವರು, ಪಕ್ಕದವನನ್ನು ನೋಡಿ ಮಾಡುವವರು. ಮರ್ಯಾದೆಗಾಗಿ ಮಾಡಿದವರನ್ನು ಕಂಡದ್ದು ಅದೇ ಮೊದಲು.

"ಲೆಕ್ಕ ಏನು ಬಟ್ಟಲೇನ್ರಿ?" ಎಂದೆ.

ಒಳಗಿನಿಂದ ಹೆಡ್ ಮೇಷ್ಟರ ಹೆಂಡತಿಯ ಧ್ವನಿ ಬಂತು. "ಪಾಪ, ಅವರು ಮಾಡಿದ್ದರಲ್ಲಿ ತಪ್ಪೇನಪ್ಪಾ? ಈ ಮನೇಲಿ ಅಷ್ಟು ಮರ್ಯಾದೆ ತಿಳಿದೋರು ಒಬ್ಬರೂ ಇಲ್ಲ. ಉಂಡೆ ಬಹಳ ಚೆನ್ನಾಗಿದೆ."

ಕಲ್ಲುಕುಟಿಗನನ್ನು ಕರೆಸಿದೆವು. ಅವನು ಸೀರೆ ಎತ್ತಿ ನೋಡಿ, ತಲೆ ಕೆರೆದುಕೊಂಡ.

"ಕೆತ್ತಿದ್ದ ಅಳ್ಸಕ್ಕೆ ಇದೇನು ಸ್ಲೇಟಾ ಸ್ವಾಮಿ? ಆಗಾಕಿಲ್ಲ ಕಣಪ್ಪ. ಒಸಾ ಚಪ್ಪಡಿ ಅಂದ್ರೆ ಇನ್ನೊಂದ್ ತಿಂಗ್ಳು. ಏನಾರ ಸೇರ್ಸು ಅಂದ್ರೆ ಯೋಳಿ, ಈಗ್ಲೇ ಸೇರುಸ್ಬುಡ್ತೀನಿ."

ಮಧ್ಯಾಹ್ನ ಇಳಿಯುತ್ತಿತ್ತು. ಹೆಡ್ ಮೇಷ್ಟರು ಕಲ್ಲಿನ ಮುಂದೆ, ಹೊತ್ತಿಗೆ ಮುಂಚೆ ಪೆನ್ಷನ್ ಬಂದವರ ಹಾಗೆ ಕೂತಿದ್ದರು. ಆಗ ಪಾವಗಡದ ಮೇಷ್ಟರು ಕೆಮ್ಮಿದರು.

"ಅಂಗಾದ್ರೆ ಒಂದು ಸೇರ್ಸಿಬಿಡಿ ಸ್ವಾಮಿ. ಕೊನೇಲಿ. ಮುಯ್ಯಿಗೆ ಮಾಡಲ್ವಾ, ಅಟ್ಲೇ, ಹಂಗೇ. ಶುಭ."

ಸೊನ್ನೆಯ ಕಾಯಿಲೆಗೂ ಒಂದೇ ಔಷಧ, ಕಲ್ಲಿನ ಕಾಯಿಲೆಗೂ ಒಂದೇ ಔಷಧ! ನಾನು ನಕ್ಕೆ. ಹೆಡ್ ಮೇಷ್ಟರು ನಗಲಿಲ್ಲ. ಎದ್ದು ನಿಂತರು. ಬಚ್ಚಲ ಗೋಡೆಯ ಮುಂದೆ ನಿಂತಾಗ ಇದ್ದಿರಬಹುದಾದ ತೇಜಸ್ಸು ಅವರ ಮುಖಕ್ಕೆ ಬಂತು.

"ಒಂದು ಲಕ್ಷದ ಮೂವತ್ತು ಸಾವಿರದ ಎಂಟುನೂರ ಹನ್ನೊಂದು," ಎಂದು ನಿಧಾನವಾಗಿ ಉಚ್ಚರಿಸಿದರು. "ಇದೂ ಅವಿಭಾಜ್ಯ."

"ಸಾರ್, ಅದನ್ನ ಹೇಗೆ..."

"ಮುಖ ನೋಡಿ."

"ಇದಕ್ಕೆ ಮುನ್ನೂರ ಐವತ್ತೊಂಬತ್ತರವರೆಗೆ ಭಾಗಿಸಬೇಕು ಸಾರ್. ಎಪ್ಪತ್ತೆರಡು ಭಾಗಾಕಾರ. ಇವತ್ತು ಶನಿವಾರ."

"ಆಮೇಲೆ ಭಾಗಿಸಿಕೊಳ್ಳಿ. ಮೊದಲು ಕೆತ್ತಲಿ."

ಕಲ್ಲುಕುಟಿಗ ಸಂಜೆಯೊಳಗೆ ಕೆತ್ತಿದ. ಜಾಗ ಸಾಲದೆ ಆ ಕೊನೆಯ ೧, ತುಂಬಿದ ಬಸ್ಸಿನ ಮೆಟ್ಟಿಲಿಗೆ ಕೊನೆಯಲ್ಲಿ ಹತ್ತಿದವನ ಹಾಗೆ ಚಪ್ಪಡಿಯ ಅಂಚಿನಲ್ಲಿ ತೂಗಾಡುತ್ತಿತ್ತು. ನಾನು ಭಾನುವಾರವೆಲ್ಲ ಭಾಗಿಸಿದೆ. ಬೇರೆ ತಾಲ್ಲೂಕುಗಳಿಗೆ ಹಂಚಲು ಸಮಯವಿರಲಿಲ್ಲ, ಇದ್ದಿದ್ದರೂ ಧೈರ್ಯವಿರಲಿಲ್ಲ. ಮನೆಯಲ್ಲಿ ನೆಂಟರು, ಕೈಯಲ್ಲಿ ಕರಿಹಲಗೆ ಒರೆಸುವ ಕೆಲಸ, ಅದರ ನಡುವೆ ನೂರರ ಆಸುಪಾಸಿಗೆ ಬರುವಷ್ಟರಲ್ಲಿ ಸೋಮವಾರ ಬೆಳಗಾಯಿತು.

ಇನ್‌ಸ್ಪೆಕ್ಟರು ಬಂದರು. ತೆಳ್ಳಗೆ, ಜರಿ ಪೇಟ, ದಣಿದ ಮುಖ. ಹೆಡ್ ಮೇಷ್ಟರು, ನಾನು, ಹಿಂತಿರುಗುವ ಬಸ್ಸು ಸಿಗದೆ ಉಳಿದಿದ್ದ ಪಾವಗಡದ ಮೇಷ್ಟರು, ಮೂವರೂ ಕಲ್ಲಿನ ಪಕ್ಕ ಸಾಲಾಗಿ ನಿಂತೆವು. ಸೀರೆ ಸರಿಯಿತು. ಸಾಹೇಬರು ಕಲ್ಲನ್ನು ಬಹಳ ಹೊತ್ತು ನೋಡಿದರು.

"ಏನ್ರಿ ಇದು? ಸರ್ವೆ ನಂಬರೇ?"

ಹೆಡ್ ಮೇಷ್ಟರು ವಿವರಿಸಿದರು. ಒಂದು, ತಾನು, ಬೇರೆ ಯಾರೂ ಇಲ್ಲ, ಇತ್ಯಾದಿ.

"ಯಾವುದರಿಂದಲೂ ಭಾಗವಾಗೋದೇ ಇಲ್ಲವೆ?"

"ಇಲ್ಲ ಸ್ವಾಮಿ."

"ಹನ್ನೆರಡರಿಂದ?"

ನನ್ನ ಮನಸ್ಸು ಹಗುರವಾಯಿತು. ಒಂದರಲ್ಲಿ ಕೊನೆಯಾಗುವ ಸಂಖ್ಯೆಯನ್ನು ಹನ್ನೆರಡರಿಂದ ಭಾಗಿಸಬಹುದೇ ಎಂದು ಕೇಳುವವರು ನಾನು ಭಾಗಿಸದೆ ಬಿಟ್ಟ ನೂರರಾಚೆಗೆ ಬರುವ ಭಯವಿರಲಿಲ್ಲ. ಗಣಿತಪ್ರಿಯತೆಯ ಸುದ್ದಿ ಹತ್ತೊಂಬತ್ತರ ಮಗ್ಗಿಯಲ್ಲಿ ಹುಟ್ಟಿ ಅಲ್ಲೇ ನಿದ್ದೆ ಹೋಗಿತ್ತು.

"ಇಲ್ಲ ಸ್ವಾಮಿ," ಎಂದರು ಹೆಡ್ ಮೇಷ್ಟರು, ಬಹಳ ಗಾಂಭೀರ್ಯದಿಂದ.

"ಇಪ್ಪತ್ತರಿಂದ?"

"ಖಂಡಿತ ಇಲ್ಲ ಸ್ವಾಮಿ."

"ಭೇಷ್!" ಎಂದರು ಸಾಹೇಬರು. "ಮತ್ತೆ ಇದರ ಉಪಯೋಗ?"

"ಏನೂ ಇಲ್ಲ ಸ್ವಾಮಿ. ಅದೇ ಅದರ ಹಿರಿಮೆ."

ಸಾಹೇಬರು ತಲೆದೂಗಿದರು. ಸರ್ಕಾರದ ಕೆಲಸದಲ್ಲಿ ಅವರು ಇಂಥದ್ದನ್ನು ಬೇಕಾದಷ್ಟು ಕಂಡಿದ್ದಿರಬೇಕು. ಅಲ್ಲಿಗೆ ಮಾತು ನಿಂತಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಆದರೆ ಹೆಡ್ ಮೇಷ್ಟರು ಗೆದ್ದ ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು.

"ನಾಲ್ಕು ತಾಲ್ಲೂಕಿನ ಮೇಷ್ಟರುಗಳು ನನ್ನ ಮಾತಿನಂತೆ ದುಡಿದಿದ್ದಾರೆ ಸ್ವಾಮಿ. ಅದರಲ್ಲೂ ಪಾವಗಡದವರು. ಪಾವಗಡದಲ್ಲಿ ನಾನು ಹೇಳಿದ್ದೇ ಲೆಕ್ಕ."

"ಅವುನು ಸ್ವಾಮಿ, ಅವುನು," ಎಂದು ಪಾವಗಡದ ಮೇಷ್ಟರು ಕೈ ಮುಗಿದು ಅನುಮೋದಿಸಿದರು. "ದೊಡ್ಡೋರು ಏನು ಹೇಳಿದ್ರೂ ನಾವು ಬರಿಗೈಲಿ ಕಳ್ಸೋದಿಲ್ಲ."

ಸಾಹೇಬರ ದಣಿದ ಮುಖದಲ್ಲಿ ಮೊದಲ ಬಾರಿಗೆ ಬೆಳಕು ಮೂಡಿತು. ಅವರು ಹೆಡ್ ಮೇಷ್ಟರನ್ನು, ಕಳೆದುಹೋದ ವಸ್ತು ಸಿಕ್ಕಿತೋ ಏನೋ ಎನ್ನುವ ಹಾಗೆ ಮೇಲಿನಿಂದ ಕೆಳಗೆ ನೋಡಿದರು.

ಆರ್ಡರು ಬಂದಾಗ ಅದರ ಅರ್ಥ ತಿಳಿಯಿತು. ಒಂದು ವರ್ಷದ ಎಕ್ಸ್‌ಟೆನ್ಷನ್ ಮಂಜೂರಾಗಿತ್ತು. ಪಾವಗಡದಲ್ಲಿ. ಅಲ್ಲಿಯ ಶಾಲೆಗೆ ಯಾವ ಹೆಡ್ ಮೇಷ್ಟರೂ ಹೋಗಲೊಪ್ಪದೆ, ಒಬ್ಬರಿಗೆ ಬಿಸಿಲಿನ ನೆಪ, ಒಬ್ಬರಿಗೆ ತೆಲುಗಿನ ನೆಪ, ಜಾಗ ಖಾಲಿ ಬಿದ್ದಿತ್ತಂತೆ. ಪಾವಗಡದಲ್ಲಿ ಇಷ್ಟೊಂದು ಪ್ರಭಾವವುಳ್ಳವರು ಇರುವಾಗ ಇಲಾಖೆ ಬೇರೆಯವರನ್ನು ಹುಡುಕುವುದು ನ್ಯಾಯವೆ?

"ಎಕ್ಸ್‌ಟೆನ್ಷನ್ ಕೇಳಿದಿರಿ, ಎಕ್ಸ್‌ಟೆನ್ಷನ್ ಬಂತು," ಎಂದರು ಅವರ ಹೆಂಡತಿ. "ನಾನು ಮಾತ್ರ ಬರೋದಿಲ್ಲ. ಅಲ್ಲೀ ನೀರು ನನಗಾಗೋದಿಲ್ಲ." ಹತ್ತರಿಂದ ಐದರವರೆಗೆ ಸಾಕು ಎಂದಿದ್ದ ಆ ತಾಯಿಗೆ ದೇವರು ಇಪ್ಪತ್ತನಾಲ್ಕು ಗಂಟೆಯನ್ನೂ ಕೊಟ್ಟ. ಮಂಡಿನೋವು ಸಹ ಕಡಿಮೆಯಾಯಿತೆಂದು ಕೇಳಿದೆ.

ಮಡಿವಂತರು ಪಾವಗಡಕ್ಕೆ ಹೋದರು. ಅಲ್ಲಿ ಅಡಿಗೆ ಮಾಡಿಕೊಳ್ಳಲು ಬಾರದೆ, ವಾರದೊಳಗೆ ಪಾವಗಡದ ಮೇಷ್ಟರ ಮನೆಯ ಪಂಕ್ತಿಯಲ್ಲಿ ಕೂತರು ಎಂಬ ವರ್ತಮಾನ ಬಂತು. ಅವಿಭಾಜ್ಯರು ಭಾಗವಾಗಲು ಅಷ್ಟೇ ಸಾಕಾಯಿತು.

ನಾನು ಭಾಗಿಸುವುದನ್ನು ಬಿಡಲಿಲ್ಲ. ಕಲ್ಲು ದಿನಾ ಬಾಗಿಲಲ್ಲೇ ನಿಂತು ನೋಡುತ್ತಿದ್ದರೆ ಬಿಡುವುದು ಹೇಗೆ? ಬಿಡುವಿದ್ದಾಗ ಎರಡು, ಬೇಸರವಾದಾಗ ಮೂರು, ಹೀಗೆ ಮುನ್ನೂರ ಐವತ್ತೊಂಬತ್ತನ್ನು ಮುಟ್ಟಿದೆ. ಪ್ರತಿ ಸಲವೂ ಏನಾದರೂ ಉಳಿಯಿತು. ನಂಬದೆ ಎರಡನೆಯ ಸಲ ಮಾಡಿದೆ, ಆಗಲೂ ಉಳಿಯಿತು. ಒಂದು ಲಕ್ಷದ ಮೂವತ್ತು ಸಾವಿರದ ಎಂಟುನೂರ ಹನ್ನೊಂದು ನಿಜವಾಗಿ, ಯಾರ ದಾಕ್ಷಿಣ್ಯವೂ ಇಲ್ಲದೆ, ಅವಿಭಾಜ್ಯ. ಬಚ್ಚಲ ಗೋಡೆಯೂ ಕಂಡುಹಿಡಿಯದ, ಗಣಿತದ ಅಸಿಸ್ಟೆಂಟೂ ಕಂಡುಹಿಡಿಯದ ಸಂಖ್ಯೆಯನ್ನು ಜಾಗವಿಲ್ಲದ ಅಂಚಿನಲ್ಲಿ ಕೆತ್ತಿದ ಒಂದು ಗೀಟು ಕಂಡುಹಿಡಿದಿತ್ತು.

ಇದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಹೊಸ ಸಂಖ್ಯೆಯನ್ನು ನೂರ ಮೂರರಿಂದ ಭಾಗಿಸಿದಾಗ ಶೇಷ ಒಂದು ಬಂತು. ಬರಲೇಬೇಕು: ಹಳೆಯ ಸಂಖ್ಯೆ ನೂರ ಮೂರಕ್ಕೆ ಚೊಕ್ಕವಾಗಿ ಹೋಗುತ್ತಿತ್ತು, ಅದರ ಹತ್ತರಷ್ಟೂ ಚೊಕ್ಕವಾಗಿ ಹೋಗುತ್ತದೆ, ಮೇಲೆ ಇಟ್ಟ ಒಂದು ಹಾಗೇ ಉಳಿಯುತ್ತದೆ. ಪಾವಗಡದ ಮೇಷ್ಟರು ಮರ್ಯಾದೆಗೆಂದು ಬರೆದ ಸುಳ್ಳು ಶೇಷ, ಅವರೇ ಶುಭಕ್ಕೆಂದು ಸೇರಿಸಿದ ಇನ್ನೊಂದು ಒಂದರಿಂದ, ನಿಜವಾಗಿ ಕೂತಿತ್ತು. ನಾನು ಬಿ.ಎ.ಗೆ ಗಣಿತ ಓದಿದವನು. ಇದಕ್ಕೆ ಏನು ಹೇಳಬೇಕೆಂದು ಯಾವ ಪಾಠದಲ್ಲೂ ಬಂದಿರಲಿಲ್ಲ.

ವರ್ಷದ ಕೊನೆಗೆ ಹೆಡ್ ಮೇಷ್ಟರು ಎಕ್ಸ್‌ಟೆನ್ಷನ್ ಮುಗಿಸಿ ಊರಿಗೆ ಬಂದರು. ಬಿಸಿಲಿಗೆ ಕಪ್ಪಾಗಿದ್ದರು, ಮಾತಿನ ನಡುವೆ 'ಅಟ್ಲೇ' ಸೇರಿಕೊಂಡಿತ್ತು. ನಾನು ಬಸ್ ಸ್ಟ್ಯಾಂಡಿಗೇ ಹೋಗಿ ಸುದ್ದಿ ಹೇಳಿದೆ. ಎಪ್ಪತ್ತೆರಡು ಭಾಗಾಕಾರ, ಎರಡೆರಡು ಸಲ, ಎಲ್ಲ ವಿವರಿಸಿದೆ.

"ನಾನು ಮೊದಲೇ ಹೇಳಿರಲಿಲ್ಲವೇನ್ರಿ?" ಎಂದರು, ಹಾಸಿಗೆ ಸುರುಳಿಯನ್ನು ನನ್ನ ಕೈಗೆ ಕೊಡುತ್ತ. "ಸುಮ್ಮನೆ ವರ್ಷ ಹಾಳು ಮಾಡಿಕೊಂಡಿರಿ."

ಮನೆಗೆ ಬಂದೆವು. ಹೆಂಡತಿ ಬಾಗಿಲಲ್ಲಿ ನಿಂತು, ಒಂದು ವರ್ಷದ ರಜಾ ಮುಗಿದವರ ಮುಖದಲ್ಲಿ ಸ್ವಾಗತಿಸಿದರು. ಹೆಡ್ ಮೇಷ್ಟರು ಒಳಗೆ ಬಂದವರೇ ಸುತ್ತ ನೋಡಿ, ಕೊಡದ ಬಾಯಿ ಮುಚ್ಚಿಲ್ಲ ಎಂದರು, ದೀಪದ ಗಾಜು ಒರೆಸಿಲ್ಲ ಎಂದರು. ಕೊನೆಗೆ ಕಣ್ಣು ಅಟ್ಟದ ಮೇಲಿದ್ದ ಹಿತ್ತಾಳೆ ಡಬ್ಬಿಯ ಮೇಲೆ ಬಿತ್ತು. ಪಾವಗಡದ ಮೇಷ್ಟರು ಕಡಲೆಕಾಯಿ ಉಂಡೆ ತಂದ ಡಬ್ಬಿ. ಉಂಡೆ ಮುಗಿದು ವರ್ಷವಾಗಿತ್ತು.

"ಇದು ಇನ್ನೂ ಇಲ್ಲೇ ಇದೆಯೇ? ನಾಳೆಯ ಬಸ್ಸಿಗೆ ಕಳಿಸಬೇಕು."

"ಕಳಿಸಿದರಾಯ್ತು. ಖಾಲಿ ಡಬ್ಬಿ ತಾನೆ," ಎಂದರು ಹೆಂಡತಿ.

ಹೆಡ್ ಮೇಷ್ಟರು ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು.

"ಒಂದು ಅಚ್ಚು ಬೆಲ್ಲ ಕೊಡೇ," ಎಂದರು.